ಮೂವತ್ತಾರು ಹೆಗಲು, ಒಂದು ಉಂಗುರ

ಅಗ್ನಿಶಾಮಕ ದಳದ ಬ್ಯಾಂಡಿನವರ ಹದಿನೆಂಟು ಕೆಂಪು ಕೋಟುಗಳನ್ನು ಬೆಳಿಗ್ಗೆ ಹತ್ತು ಗಂಟೆಗೆ ಕಳುಹಿಸಿಕೊಟ್ಟು, ದೇವರಿಗೆ ಕೈಮುಗಿಯಲೆಂದು ಎರಡೂ ಕೈ ಜೋಡಿಸಿದೆ. ಬೆರಳಿಗೆ ಬೆರಳು ತಾಗಿತು. ನಡುವೆ ತಾಗಬೇಕಾದ ಬೆಳ್ಳಿ ತಾಗಲಿಲ್ಲ.

"ಕಾಜಾ, ನನ್ನ ಉಂಗುರ!"

ಕಾಜ ನನ್ನ ಹೆಂಡತಿಯ ತಮ್ಮ. ಮೂವತ್ತು ವರ್ಷದಿಂದ ನಮ್ಮ ಹೊಲಿಗೆ ಅಂಗಡಿಯಲ್ಲಿ ಗುಂಡಿಗಳಿಗೆ ಕಾಜ ಹೊಲಿಯುವುದೇ ಅವನ ಕೆಲಸವಾದ್ದರಿಂದ, ಅವನ ನಿಜವಾದ ಹೆಸರು ಮತದಾರರ ಪಟ್ಟಿಯನ್ನು ಬಿಟ್ಟರೆ ಬೇರೆ ಯಾರಿಗೂ ನೆನಪಿಲ್ಲ.

"ಎಲ್ಲೋಗುತ್ತೆ ಭಾವ, ಕನ್ನಡಕ ಹಾಕ್ಕೊಂಡು ನೋಡಿ."

"ಬೆರಳು ನೋಡಕ್ಕೆ ಕನ್ನಡಕ ಯಾಕೋ!"

ಆ ಉಂಗುರವನ್ನು ಮಾಡಿಸಿದವಳು ನನ್ನ ಹೆಂಡತಿ. ಗಂಡಸರು ಹಾಕುವ ದಪ್ಪ ಬೆಳ್ಳಿಯುಂಗುರ. ಅದರ ಮುಖದ ಮೇಲೆ ಕುದುರೆಯ ಲಾಳ, ಮೀನು, ನಾಲ್ಕೆಲೆಯ ಚಿಗುರು, ಸೊಂಡಿಲೆತ್ತಿದ ಆನೆ, ಹೀಗೆ ಶುಭ ತರುವುದೆಂದು ಜನ ನಂಬುವುದನ್ನೆಲ್ಲ ಅಕ್ಕಸಾಲಿಗನಿಂದ ಒತ್ತೊತ್ತಾಗಿ ಕೆತ್ತಿಸಿದ್ದಳು. ಜಾಗ ಸಾಲದೆ ಆನೆ ಮೀನಿನ ಮೇಲೆ ಸವಾರಿ ಹೊರಟಂತಿತ್ತು. "ದೇವರನ್ನ ನಂಬಿದೋನಿಗೆ ಇದೆಲ್ಲ ಯಾಕೆ?" ಎಂದು ನಾನು ಕೇಳಿದ್ದೆ. "ದೇವರಿಗೂ ನಾಲ್ಕು ಜನ ಕೈಯಾಳು ಇರಲಿ ಬಿಡ್ರೀ" ಎಂದಿದ್ದಳು.

ಉಂಗುರ ಸಡಿಲವಾಗಿತ್ತು. ಅಕ್ಕಸಾಲಿಗನಿಗೆ ವಾಪಸು ಕೊಡದೆ, ತಾನೇ ಒಳಬದಿಗೆ ಹಸಿರು ರೇಷ್ಮೆ ದಾರವನ್ನು ಬಿಗಿಯಾಗಿ ಸುತ್ತಿ, ಗಂಟು ಹಾಕಿ, ಉಳಿದ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿದಳು. ಅವಳು ತೀರಿಕೊಂಡು ಏಳು ತಿಂಗಳಾಯಿತು. ಬೆಳ್ಳಿ ಬೇಕಾದರೆ ಅಕ್ಕಸಾಲಿಗ ನಾಳೆಯೇ ಅಂಥದ್ದೊಂದು ಮಾಡಿಕೊಟ್ಟಾನು. ಅವಳ ಕೈ ಸುತ್ತಿದ ದಾರವನ್ನು ಯಾರು ಮಾಡಿಕೊಡುತ್ತಾರೆ?

ಅಂಗಡಿಯನ್ನು ತಲೆಕೆಳಗು ಮಾಡಿದೆವು. ಕಾಜ ಸೂಜಿ ಹುಡುಕುವ ಅಯಸ್ಕಾಂತವನ್ನು ತೆಗೆದುಕೊಂಡು ನೆಲದ ತುಂಬ ಅಂಬೆಗಾಲಿಟ್ಟ.

"ಬೆಳ್ಳಿ ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತೇನೋ ಪೆದ್ದ?"

"ಅಂಟಲ್ವಾ? ಇಷ್ಟೊತ್ತಿಂದ ನೋಡ್ತಾ ಕೂತಿದ್ರಲ್ಲ, ಮೊದಲೇ ಹೇಳೋದಲ್ವಾ!"

ಆಗ ಹೊಳೆಯಿತು. ಬೆಳಿಗ್ಗೆ ನಾನು ಕೊನೆಯದಾಗಿ ಮಾಡಿದ ಕೆಲಸವೆಂದರೆ ಕೋಟುಗಳ ಹೆಗಲಿಗೆ ಹತ್ತಿ ತುಂಬಿದ್ದು. ಒಳಗೆ ಕೈ ತೂರಿಸಿ, ಬೆರಳಿನಿಂದ ಹತ್ತಿಯನ್ನು ಹರಡಿ, ಕೈ ಹೊರಗೆಳೆದು, ಬಾಯಿ ಹೊಲಿದು ಮುಚ್ಚಿದ್ದೆ. ಈ ಏಳು ತಿಂಗಳಲ್ಲಿ ನನ್ನ ಬೆರಳು ಸೊರಗಿತ್ತು. ಕೈ ಹೊರಗೆ ಬಂದಿದೆ, ಉಂಗುರ ಒಳಗೇ ಉಳಿದಿದೆ. ಹದಿನೆಂಟು ಕೋಟು, ಮೂವತ್ತಾರು ಹೆಗಲು. ಹನ್ನೆರಡು ಗಂಟೆಗೆ ಸಭಾಂಗಣದಲ್ಲಿ ಬ್ಯಾಂಡುಗಳ ಸ್ಪರ್ಧೆ. ಅದು ಮುಗಿದರೆ ಅವರೆಲ್ಲ ಅದೇ ಕೋಟಿನಲ್ಲಿ ಬಸ್ಸು ಹತ್ತಿ, ಊರೂರು ಸುತ್ತಿ ನುಡಿಸಲು ಮೂರು ತಿಂಗಳು ಹೊರಟುಬಿಡುತ್ತಾರೆ.

ಓಡಿದೆವು. ನಾನು ಓಡಿದೆ ಎಂದರೆ ನಂಬುವವರು ಕಡಿಮೆ. ಕಾಜ ನನ್ನ ತೋಳು ಹಿಡಿದು ಎಳೆದ ಎಂದು ಬೇಕಾದರೆ ಓದಿಕೊಳ್ಳಿ.

"ಬ್ಯಾಂಡ್ ಮಾಸ್ತರಿಗೆ ನಿಜ ಹೇಳ್ಬಿಡಿ ಭಾವ."

"ನಲವತ್ತು ವರ್ಷ ಹೊಲಿದೋನು, ಕೋಟಿನೊಳಗೆ ಉಂಗುರ ಸೇರಿಸಿ ಹೊಲಿದೆ ಅಂತ ಹೇಳ್ಲಾ? ಸುಮ್ನಿರು. ಹೆಗಲು ಸರಿಯಾಗಿ ಕೂತಿದೆಯಾ ನೋಡ್ತೀನಿ ಅಂತ ಹೇಳು."

ಸಭಾಂಗಣದ ಹಿಂದಿನ ಓಣಿಯಲ್ಲಿ ಹದಿನೆಂಟು ಜನ ಸಾಲಾಗಿ ನಿಂತು ತುತ್ತೂರಿಗಳ ಎಂಜಲು ಒರೆಸುತ್ತಿದ್ದರು. ಮೊದಲನೆಯವನ ಎರಡೂ ಹೆಗಲ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಬೆರಳಿನಿಂದ ನಿಧಾನವಾಗಿ ಒತ್ತಿದೆ. ಹತ್ತಿಯೇ ಹತ್ತಿ. "ದೇವರೇ, ದಾರಿ ತೋರಿಸಪ್ಪಾ" ಎಂದು ತುಟಿಯಲ್ಲೇ ಅಂದುಕೊಂಡೆ. ಕಣ್ಣು ಬಿಟ್ಟರೆ ಅವನು ತಲೆಬಾಗಿ ನಿಂತಿದ್ದ.

"ನಿಮ್ಮ ಆಶೀರ್ವಾದ ಯಜಮಾನ್ರೇ" ಎಂದು ನನ್ನ ಕಾಲು ಮುಟ್ಟಿದ.

ಎರಡನೆಯವನು ನಾನು ಕೈಯೆತ್ತುವ ಮೊದಲೇ ಟೋಪಿ ತೆಗೆದ. ಮೂರನೆಯವನು ಊದುವ ವಾದ್ಯವನ್ನೂ ನನ್ನ ಮುಂದೆ ಹಿಡಿದು "ಇದಕ್ಕೂ ಒಂದಿಷ್ಟು" ಎಂದ. ವಾದ್ಯದ ಮೇಲೂ ಕೈಯಿಟ್ಟೆ. ಮನಸ್ಸು ಮಾತ್ರ ಚುಚ್ಚಿತು: ಉಂಗುರ ತಡಕುವ ಕೈಯನ್ನು ಇವರು ಹರಸುವ ಕೈ ಎಂದುಕೊಂಡಿದ್ದಾರಲ್ಲ. ಐದನೆಯವನಿಂದ ಮುಂದೆ, ಮೋಸ ಬೇಡವೆಂದು, ಪ್ರತಿಯೊಬ್ಬನಿಗೂ ನಿಜವಾಗಿಯೇ ಒಂದು ಪ್ರಾರ್ಥನೆ ಸಲ್ಲಿಸಿದೆ. ಹಾಗಾಗಿ ಹೊತ್ತು ಹಿಡಿಯಿತು. ತಿರುಗಿ ನೋಡಿದರೆ ಸಾಲು ಕರಗುವ ಬದಲು ಬೆಳೆದಿತ್ತು. ನೀಲಿ ಕೋಟಿನವರು ಬಂದು ನಿಂತಿದ್ದರು.

"ನೀವು ಅಂಚೆ ಕಚೇರಿ ಬ್ಯಾಂಡಲ್ವೇನ್ರೀ?" ಎಂದು ಕಾಜ ಗದರಿಸಿದ.

"ಹರಸೋದ್ರಲ್ಲೂ ಪಕ್ಷಪಾತ ಮಾಡ್ತೀರಾ?" ಎಂದ ಅವರಲ್ಲೊಬ್ಬ.

"ಭಾವ, ನೀಲಿಯೋರ್ನೂ ಮುಗಿಸಿಬಿಡಿ. ಇಲ್ದಿದ್ರೆ ನಮ್ಮ ಕಾಗದಪತ್ರ ಬರಲ್ಲ."

ಅವರ ಹೆಗಲುಗಳನ್ನೂ ಒತ್ತಿದೆ. ಅವರ ದರ್ಜಿ ಹತ್ತಿಯಲ್ಲಿ ಜಿಪುಣ ಎಂಬುದು ತಿಳಿಯಿತು.

ಕೆಂಪು ಸಾಲಿನ ಕೊನೆಯವನು ಕಂಚಿನ ದೊಡ್ಡ ತಾಳಗಳನ್ನು ಬಡಿಯುವವನು. ಆನೆಮರಿಯಂಥ ಮೈ. ನನ್ನ ಬೆರಳು ತಾಗುತ್ತಿದ್ದ ಹಾಗೆ "ಅಯ್ಯಯ್ಯೋ" ಎಂದು ಕುಗ್ಗಿ, ಕುಣಿದು, ಗೋಡೆಗೆ ಅಂಟಿಕೊಂಡ.

"ಕಚಗುಳಿ ತಾತ! ಸಣ್ಣೋನಿದ್ದಾಗಿಂದ! ನಮ್ಮಮ್ಮ ನಂಗೆ ಅಂಗಿ ತೊಡಿಸಕ್ಕೇ ಇಬ್ಬರು ಹಿಡ್ಕೋಬೇಕಿತ್ತು. ದೂರದಿಂದ ಹರಸಿ."

ಮತ್ತೆ ಮುಟ್ಟುವಷ್ಟರಲ್ಲಿ ಮಾಸ್ತರರು ಸೀಟಿ ಊದಿದರು. ಹದಿನೆಂಟೂ ಜನ ವೇದಿಕೆಯ ಮೇಲೆ ಹೋದರು. ನಾನು ಮುಂದಿನ ಸಾಲಿನ ಕುರ್ಚಿಯಲ್ಲಿ ಕುಸಿದೆ. ಮೂವತ್ತನಾಲ್ಕು ಹೆಗಲಿನಲ್ಲಿ ಇಲ್ಲ. ಉಳಿದ ಎರಡರಲ್ಲೂ ಇಲ್ಲದಿದ್ದರೆ ಅದು ಕಸದ ಗಾಡಿಯಲ್ಲಿ ಹೋಗಿದೆ ಎಂದೇ ಅರ್ಥ.

ವಾದ್ಯಗಳು ಶುರುವಾದವು. ಕಚಗುಳಿಯವನು ತಾಳಗಳನ್ನು ಅಗಲಿಸಿ ಒಮ್ಮೆ ಬಡಿದ. ದರ್ಜಿಯ ಕಣ್ಣು ಸಂಗೀತ ಕೇಳುವುದಿಲ್ಲ, ಹೊಲಿಗೆ ನೋಡುತ್ತದೆ. ಅವನು ತೋಳು ಎತ್ತಿದಾಗಲೆಲ್ಲ ಬಲ ಹೆಗಲು ನಯವಾಗಿ ಏಳುತ್ತಿತ್ತು, ಎಡ ಹೆಗಲಿನ ಮೇಲೆ ಕಡಲೆಕಾಳಿನಷ್ಟು ಉಬ್ಬೊಂದು ಮೂಡಿ ಮಾಯವಾಗುತ್ತಿತ್ತು.

"ಕಾಜಾ! ಅಲ್ಲಿ! ಎಡಗಡೆ!"

ನನಗೆ ಅರಿವಿಲ್ಲದೆ ಎದ್ದು ನಿಂತು, ನನ್ನ ಎಡ ಹೆಗಲನ್ನು ತಟ್ಟಿ ತಟ್ಟಿ ತೋರಿಸುತ್ತಿದ್ದೆ. ತಾಳದವನು ಅದನ್ನು ಕಂಡ. ಮುದುಕ ಕೂತಲ್ಲಿಂದಲೇ ಹೆಗಲು ಮುಟ್ಟುತ್ತಿದ್ದಾನೆ ಎಂದುಕೊಂಡನೋ ಏನೋ, ದೂರದಿಂದಲೇ ಅವನಿಗೆ ಕಚಗುಳಿ ಹತ್ತಿತು. ಕೆನ್ನೆ ಉಬ್ಬಿತು, ಹೊಟ್ಟೆ ಕುಲುಕಿತು, ಯಾರೂ ಉಸಿರಾಡದೆ ಮೌನವಾಗಿರಬೇಕಾದ ಕಡೆ ಝಲ್ಲೆಂದು ಬಡಿದ. ಪಕ್ಕದ ತುತ್ತೂರಿಯವನು ನಗು ತಡೆಯಲಾರದೆ ತುತ್ತೂರಿಯೊಳಗೇ ನಕ್ಕ. ಅದು ಎಮ್ಮೆ ಕೂಗಿದಂತೆ ಕೇಳಿಸಿತು. ಅಲ್ಲಿಂದ ನಗು ಸಾಲಿನಿಂದ ಸಾಲಿಗೆ ಹರಿಯಿತು. ಕೊಳಲಿನಲ್ಲಿ ಬರೀ ಗಾಳಿ, ಡೋಲಿನಲ್ಲಿ ಎಲ್ಲೆಲ್ಲೋ ಏಟು. ಮಾಸ್ತರರು ಕಡ್ಡಿ ಬೀಸುತ್ತಲೇ ಇದ್ದರು. ಅವರ ಬೆನ್ನೂ ಕುಲುಕುವುದನ್ನು ಸಭೆಯೆಲ್ಲ ನೋಡಿತು. ಕಾಜ ವೇದಿಕೆಯ ಮುಂದಿನ ಕಂಬಿಗೆ ಹಣೆಯಿಟ್ಟು ನಕ್ಕು ನಕ್ಕು ಮುಲುಗುತ್ತಿದ್ದ. ನನಗೆ ಕಣ್ಣಲ್ಲಿ ನೀರು ಬಂದು, ಪಕ್ಕೆ ನೋಯಿತು. ಏಳು ತಿಂಗಳಲ್ಲಿ ನಾನು ನಕ್ಕಿರಲಿಲ್ಲ. ಹೇಗೆ ನಿಲ್ಲಿಸುವುದೆಂಬುದೇ ಮರೆತುಹೋಗಿತ್ತು.

ಅವರು ಕೊನೆಯ ಸ್ಥಾನ ಪಡೆದರು. ಅಂಚೆಯವರಿಗೆ ಮೊದಲನೆಯದು.

ಓಣಿಗೆ ಬಂದು ಮಾಸ್ತರರ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಅವರು ಟೋಪಿ ತೆಗೆದು ಬೆವರು ಒರೆಸಿಕೊಂಡರು.

"ಅಂದ್ರೆ ನೀವು ಹರಸಲೇ ಇಲ್ವಾ?"

"ನಾಲ್ಕು ಜನರನ್ನ ಬಿಟ್ಟು ಮಿಕ್ಕೋರನ್ನ ಹರಸಿದೆ. ಅಂಚೆಯೋರನ್ನೂ."

"ಅಂಚೆಯೋರನ್ನ ಬಹಳ ಚೆನ್ನಾಗಿ ಹರಸಿದೀರಿ" ಎಂದು ಅವರು ಗೋಡೆಗೊರಗಿ ಮತ್ತೆ ನಗತೊಡಗಿದರು.

ನಾಲ್ಕು ಜನ ಸೇರಿ ತಾಳದವನನ್ನು ಹಿಡಿದರು. ಕತ್ತರಿಯ ತುದಿಯಿಂದ ಎಡ ಹೆಗಲಿನ ಹೊಲಿಗೆ ಬಿಚ್ಚಿ ಎರಡು ಬೆರಳು ಒಳಗೆ ಬಿಟ್ಟೆ. ಅವನು ಕೂಗಿದ ಕೂಗಿಗೆ ಮಹಡಿಯ ಕಿಟಕಿಗಳು ತೆರೆದವು. ಬೆರಳಿಗೆ ತಣ್ಣಗೆ ತಾಗಿತು. ಹತ್ತಿ ಮೆತ್ತಿಕೊಂಡ ಉಂಗುರವನ್ನು ಬೆಳಕಿಗೆ ಹಿಡಿದು ಒಳಬದಿ ನೋಡಿದೆ. ಹಸಿರು ದಾರದ ಸುತ್ತುಗಳು ಸಡಿಲಾಗಿ ಒಂದರ ಮೇಲೊಂದು ಹತ್ತಿದ್ದವು. ಆದರೆ ಗಂಟು ಬಿಚ್ಚಿರಲಿಲ್ಲ.

ಅಂಗಿಗೆ ಚುಚ್ಚಿಕೊಂಡಿದ್ದ ಸೂಜಿಯಲ್ಲಿ ಕೋಟಿನ ಕೆಂಪು ದಾರವೇ ಇತ್ತು. ಅವಳ ಸುತ್ತುಗಳನ್ನು ಒಂದೊಂದಾಗಿ ಜಾಗಕ್ಕೆ ಸರಿಸಿ, ಅವಳ ಗಂಟಿನ ಪಕ್ಕದಲ್ಲಿ ಒಂದೇ ಒಂದು ಕುಣಿಕೆ ಹಾಕಿ ಬಿಗಿದೆ. ಉಂಗುರ ಬೆರಳಿನಲ್ಲಿ ಕೂತಿತು. ಕೊಡವಿದರೂ ಜಾರಲಿಲ್ಲ.

"ಹಸಿರಿಗೆ ಕೆಂಪು ಹಾಕಿದೀರಿ. ಅಕ್ಕ ಇದ್ದಿದ್ರೆ ಬೈತಿದ್ಲು" ಎಂದ ಕಾಜ.

"ಬೈಲಿ ಬಿಡೋ. ನಾನೂ ಹೊಲಿದಿದೀನಿ ಅಂತ ಗೊತ್ತಾಗ್ಬೇಕಲ್ಲ."

"ತಾತ," ಎಂದ ತಾಳದವನು, ನಾಲ್ವರ ಹಿಡಿತದಲ್ಲಿ ಅಲುಗಾಡದೆ, "ನನ್ನ ಹೆಗಲು ಬಾಯಿ ಬಿಟ್ಕೊಂಡೇ ಇದೆ. ಎರಡು ಗಂಟೆಗೆ ಬಸ್ಸು."

"ಮುಟ್ಟಿದ್ರೆ ಕಿರುಚ್ತೀಯ."

"ಕಿರುಚ್ತೀನಿ."

"ಕಿರುಚು" ಎಂದು ಹೆಗಲ ಮೇಲೆ ಕೈಯಿಟ್ಟೆ.