ಒತ್ತಿದ್ದು ಅತ್ತೆಯಲ್ಲ

ಕರೆಗಂಟೆ ಹೊಡೆಯುತ್ತದೆ, ಬಾಗಿಲು ತೆಗೆದರೆ ಯಾರೂ ಇಲ್ಲ. ಫ್ಯಾನಿನ ರಿಮೋಟ್ ನಿಮ್ಮ ಕೈಯಲ್ಲೇ ಇದೆ, ಫ್ಯಾನ್ ಮಾತ್ರ ತನ್ನಷ್ಟಕ್ಕೆ ತಾನೇ ನಿಂತುಬಿಟ್ಟಿದೆ. ಇಂಥದ್ದು ನಿಮ್ಮ ಮನೆಯಲ್ಲೂ ಆಗಿದ್ದರೆ ಸ್ವಲ್ಪ ಹೊತ್ತು ಕೂತು ನಮ್ಮ ಬೀದಿಯ ಈ ಕಥೆ ಕೇಳಿ. ದೆವ್ವ ಬಿಡಿಸುವವರನ್ನು ಆಮೇಲೆ ಕರೆಸಿದರಾಯಿತು.

ನಮ್ಮ ಬೀದಿಯಲ್ಲಿ ಒಬ್ಬ ಹೊಲಿಗೆಯಕ್ಕ ಇದ್ದಾಳೆ. ಕೆಳಗೆ ಅಂಗಡಿ, ಮೇಲೆ ಮನೆ. ಗಂಡ ಬಸ್ ಕಂಡಕ್ಟರ್, ಬೆಳಗ್ಗೆ ಹೋದರೆ ಬರುವುದು ಸಂಜೆಗೇ. ಅವಳ ಅತ್ತೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಗಿ ಮೇಲಿನ ಕೋಣೆಯಲ್ಲಿ ಮಲಗಿದ್ದರು. ಮನೆಗೆ ಬಂದು ವ್ಯಾಯಾಮ ಮಾಡಿಸುವ ನರ್ಸ್ ಖಡಾಖಂಡಿತವಾಗಿ ಹೇಳಿದ್ದರು: "ಒಬ್ಬರೇ ಏಳಲೇಬಾರದು. ಇನ್ನೊಂದು ಸಲ ಬಿದ್ರೆ ಮತ್ತೆ ನಡೆಯೋ ಆಸೆ ಬಿಡಬೇಕಾಗುತ್ತೆ."

ಅದಕ್ಕೇ ಹೊಲಿಗೆಯಕ್ಕ ವೈರಿಲ್ಲದ ಕರೆಗಂಟೆಯೊಂದನ್ನು ತಂದಳು. ಬಟನ್ ಅತ್ತೆಯ ದಿಂಬಿನ ಪಕ್ಕ, ಗಂಟೆ ಅವಳ ಮಿಷನ್ನಿನ ಪಕ್ಕ. ಅತ್ತೆ ಒತ್ತಿದರೆ ಕೆಳಗೆ "ಟಿಂಗ್ ಟಾಂಗ್". ಸೊಸೆ ಓಡಿ ಬರುತ್ತಿದ್ದಳು. ಮೊದಮೊದಲು ಎಲ್ಲ ಸರಿಯಾಗೇ ನಡೆಯಿತು.

ಆಮೇಲೆ ಗಂಟೆಗೆ ಏನಾಯಿತೋ, ಹೊತ್ತುಗೊತ್ತಿಲ್ಲದೆ ಹೊಡೆಯತೊಡಗಿತು.

ಹೊಲಿಗೆಯಕ್ಕ ಕಾಜಾ ಹಾಕುತ್ತಿದ್ದವಳು ಬಟ್ಟೆ ಬಿಟ್ಟು ಮೆಟ್ಟಿಲು ಹತ್ತಿ ಹೋಗುತ್ತಾಳೆ.

"ಕರೆದ್ರಾ ಅತ್ತೆ?"

"ಇಲ್ವಲ್ಲಮ್ಮ. ನಾನು ಒತ್ತಿಲ್ಲ."

ಇಳಿದು ಬಂದು ದಾರ ಪೋಣಿಸುವಷ್ಟರಲ್ಲಿ ಮತ್ತೆ ಟಿಂಗ್ ಟಾಂಗ್. ಮತ್ತೆ ಹತ್ತುತ್ತಾಳೆ. ಮತ್ತೆ ಅದೇ ಮಾತು. ಆ ಮೆಟ್ಟಿಲು ಬೇರೆ ಏಣಿಯ ಹಾಗೆ ನೆಟ್ಟಗೆ ನಿಂತಿದೆ. ಅವಳ ಮಂಡಿ ಸಾಕಪ್ಪಾ ಸಾಕು ಅನ್ನತೊಡಗಿತು.

ಕಂಡಕ್ಟರು ತಮ್ಮ ಕೆಲಸದ ಬುದ್ಧಿ ಓಡಿಸಿದರು. "ಅಮ್ಮ, ನಿಜವಾಗ್ಲೂ ಬೇಕಾದಾಗ ಎರಡು ಸಲ ಒತ್ತು. ಬಸ್ಸಲ್ಲಿ ಡಬಲ್ ಬೆಲ್ ಕೊಡಲ್ವಾ, ಹಾಗೆ." ಮರುದಿನದಿಂದ ಗಂಟೆ ಒಮ್ಮೆ ಸಿಂಗಲ್, ಒಮ್ಮೆ ಡಬಲ್, ಮನಸ್ಸು ಬಂದರೆ ಮೂರು ಸಲವೂ ಹೊಡೆಯಿತು. ಅದೇ ದಿನಗಳಲ್ಲಿ ಪಕ್ಕದ ಮನೆಯ ಗಡಿಯಾರ ರಿಪೇರಿಯವರು ಆಗಾಗ ಬಾಗಿಲಿಗೆ ಬಂದು ಬೀದಿಯ ಮಕ್ಕಳನ್ನೆಲ್ಲ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಅದನ್ನು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ.

ಒಂದು ದಿನ ಹೊಲಿಗೆಯಕ್ಕನ ತಾಳ್ಮೆ ಕೆಟ್ಟಿತು. ಒಂದು ಮದುವೆಯ ಬಟ್ಟೆ ಅಂದೇ ಕೊಡಬೇಕಿತ್ತು. ಗಂಟೆ ಬಡಿದಾಗ ಕೈಯಲ್ಲಿ ಕತ್ತರಿ ಹಿಡಿದೇ ಮೇಲೆ ಹೋದಳು.

"ಅತ್ತೆ, ಬೇಜಾರಾದ್ರೆ ಬೇಜಾರು ಅಂತ ಹೇಳಿ. ಒತ್ತೋದೂ ನೀವೇ, ಒತ್ತಿಲ್ಲ ಅನ್ನೋದೂ ನೀವೇ ಅಂದ್ರೆ ಹೇಗೆ?"

ಅತ್ತೆ ಅವಳ ಮುಖವನ್ನೇ ನೋಡಿದರು. "ನಾನು ಸುಳ್ಳು ಹೇಳ್ತೀನಾ? ಈ ವಯಸ್ಸಲ್ಲಿ, ನಿನ್ನ ಹತ್ರ?" ಎಂದವರೇ ಬಟನ್ ತೆಗೆದು ಅವಳ ಕೈಗಿಟ್ಟರು. "ತಗೊಂಡು ಹೋಗು. ಇದೂ ಬೇಡ, ನಿನ್ನ ಉಪಕಾರವೂ ಬೇಡ."

ಸೊಸೆಗೂ ಹಠ. ತಗೊಂಡೇ ಬಂದಳು. ದಾರದುಂಡೆ, ಸೀಮೆಸುಣ್ಣ ಇಡುವ ಡಬ್ಬಿಯೊಳಗೆ ಬಟನ್ ಎಸೆದು, ಮಿಷನ್ ತುಳಿಯತೊಡಗಿದಳು. ಎದೆ ಭಾರವಾಗಿತ್ತು, ಆದರೂ ಕಾಲು ನಿಲ್ಲಿಸಲಿಲ್ಲ.

ಒಂದು ತೋಳು ಹೊಲಿದು ಮುಗಿದಿರಬೇಕು, ಗಂಟೆ ಹೊಡೆಯಿತು. ಟಿಂಗ್ ಟಾಂಗ್.

ಹೊಲಿಗೆಯಕ್ಕ ಡಬ್ಬಿ ನೋಡಿದಳು. ಬಟನ್ ಅಲ್ಲೇ ಇತ್ತು, ಕೆಂಪು ದಾರದುಂಡೆಯ ಪಕ್ಕ, ಇಟ್ಟ ಹಾಗೇ. ಅದನ್ನು ಯಾರೂ ಮುಟ್ಟಿರಲಿಲ್ಲ. ಗಂಟೆ ಇನ್ನೊಮ್ಮೆ ಹೊಡೆಯಿತು.

"ಅಯ್ಯೋ," ಎಂದಳು. "ಅತ್ತೆ ಹೇಳಿದ್ದೇ ನಿಜ."

ಮಿಷನ್ ನಿಂತಿತ್ತಲ್ಲ, ಆಗ ಮೇಲಿನಿಂದ ಸಣ್ಣದೊಂದು ದನಿ ಕೇಳಿಸಿತು. ಅದು ಎಷ್ಟು ಹೊತ್ತಿನಿಂದ ಕರೆಯುತ್ತಿತ್ತೋ! ಹೊಲಿಗೆಯಕ್ಕನಿಗೆ ಜೀವ ಬಾಯಿಗೆ ಬಂತು. ಮಂಡಿನೋವೆಲ್ಲ ಮರೆತು ಮೆಟ್ಟಿಲು ಹತ್ತಿದಳು.

ಅತ್ತೆ ನೆಲದ ಮೇಲೆ ಕೂತಿದ್ದರು. ಎರಡೂ ಕೈಯಲ್ಲಿ ಮಂಚದ ಕಾಲನ್ನು ಗಟ್ಟಿಯಾಗಿ ಹಿಡಿದಿದ್ದರು. ನೀರಿನ ಹೂಜಿ ದೂರದಲ್ಲಿತ್ತು, ತಾವೇ ಎದ್ದು ತಗೊಳ್ಳೋಣ ಎಂದು ಹೊರಟಿದ್ದರು.

"ಬೀಳಲಿಲ್ಲ ಕಣೇ, ಜಾರಿದೆ," ಎಂದರು ಅತ್ತೆ. "ಮೆತ್ತಗೆ ಜಾರಿ ಕೂತುಕೊಂಡೆ. ಆಮೇಲೆ ಏಳೋಕಾಗ್ಲಿಲ್ಲ. ಕೂಗಿದೆ, ನಿನ್ನ ಮಿಷನ್ ಬಿಡಬೇಕಲ್ಲ."

ಸೊಸೆ ಅಲ್ಲೇ ಕುಸಿದು ಕೂತು ಅತ್ತೆಯನ್ನು ತಬ್ಬಿಕೊಂಡು ಅತ್ತಳು. "ತಪ್ಪಾಯ್ತು ಅತ್ತೆ. ನೀವು ಒತ್ತಿರಲಿಲ್ಲ. ಬಟನ್ ನನ್ನ ಡಬ್ಬೀಲೇ ಇತ್ತು, ಆದ್ರೂ ಹೊಡೀತು."

"ಅದನ್ನೇ ತಾನೇ ನಾನು ಬಡ್ಕೊಂಡಿದ್ದು," ಎಂದ ಅತ್ತೆಯ ಕಣ್ಣೂ ಒದ್ದೆಯಾಗಿತ್ತು. "ಮೊದಲು ನೀರು ಕೊಡು."

ಪುಣ್ಯಕ್ಕೆ ಅದು ನರ್ಸ್ ಬರುವ ಹೊತ್ತು. ಬಂದವರು ಕಾಲು ಮಡಿಸಿ, ಚಾಚಿ, ಸೊಂಟ ಒತ್ತಿ ನೋಡಿದರು. "ಮೂಳೆಗೇನೂ ಆಗಿಲ್ಲ," ಎಂದರು ನರ್ಸ್. ಆ ಮಾತು ಕೇಳಿ ಸೊಸೆಗೆ ಹೋದ ಜೀವ ಬಂದಂತಾಯಿತು.

ಇಬ್ಬರೂ ಸೇರಿ ಅತ್ತೆಯನ್ನು ಮಂಚಕ್ಕೆ ಹತ್ತಿಸಿದರು. ಗಂಟೆಯ ಕಥೆ ಕೇಳಿದ ನರ್ಸ್ ನಕ್ಕರು. "ಇದು ನಾನು ಕಂಡಿದ್ದೇ. ಇನ್ನೊಂದು ಮನೇಲೂ ಹೀಗೇ ಆಗಿತ್ತು. ಬಟನ್ ತನ್ನಿ ಇಲ್ಲಿ." ಕಿಟಕಿ ತೆಗೆದು, ಬಟನ್ ಒತ್ತಿ, ಕೆಳಗೆ ನೋಡುತ್ತಾ ನಿಂತರು.

ಪಕ್ಕದ ಮನೆಯ ಬಾಗಿಲು ತೆರೆಯಿತು. ಗಡಿಯಾರ ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಹೊರಗೆ ಬಂದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. "ಮತ್ತೆ ಬಂದ್ರಾ ಕಪಿಗಳಾ! ಸಿಗ್ರಿ ಕೈಗೆ!"

ಮೇಲೆ ಮಂಚದಲ್ಲಿ ಅತ್ತೆ, ಕಿಟಕಿಯಲ್ಲಿ ಸೊಸೆ, ಇಬ್ಬರೂ ಬಿದ್ದು ಬಿದ್ದು ನಕ್ಕರು. ಹೊಲಿಗೆಯಕ್ಕ ಕೂಗಿದಳು: "ಅಣ್ಣಾ, ಮಕ್ಕಳಲ್ಲ, ನಾವು! ನಿಮ್ಮ ಗಂಟೆ ತಗೊಂಡು ಸ್ವಲ್ಪ ಮೇಲೆ ಬನ್ನಿ."

ಅವರು ಬಂದರು, ಆದರೆ ಒಪ್ಪಲಿಲ್ಲ. "ನಿಮ್ಮದು ಚೆನ್ನಾಗಿದೆ ಅಂತ ಅದೇ ಅಂಗಡಿಯಿಂದ, ಅದೇ ಕಂಪನೀದು ತಂದೆ ತಂಗಿ. ಹೊಚ್ಚ ಹೊಸದು. ನನ್ನದರಲ್ಲಿ ದೋಷ ಇರೋಕೆ ಸಾಧ್ಯವೇ ಇಲ್ಲ."

"ದೋಷ ಯಾರದ್ದರಲ್ಲೂ ಇಲ್ಲ," ಎಂದರು ನರ್ಸ್. "ನಮ್ಮ ವಾರ್ಡಲ್ಲಿ ಪ್ರತಿ ಮಂಚಕ್ಕೂ ಒಂದೊಂದು ನಂಬರ್ ಇರುತ್ತೆ. ರೋಗಿ ಬಟನ್ ಒತ್ತಿದ್ರೆ ಅವರ ನಂಬರ್ ನಮಗೆ ಕಾಣಿಸುತ್ತೆ, ನಾವು ಅಲ್ಲಿಗೇ ಹೋಗ್ತೀವಿ. ಎಲ್ಲ ಮಂಚಕ್ಕೂ ಒಂದೇ ನಂಬರ್ ಬರೆದಿದ್ರೆ?"

"ಇಂಜೆಕ್ಷನ್ ಯಾರದ್ದೋ, ಚುಚ್ಚೋದು ಯಾರಿಗೋ," ಎಂದರು ಅತ್ತೆ.

"ಹೂಂ. ಈ ವೈರಿಲ್ಲದ ಸಾಮಾನುಗಳಿಗೂ ಹಾಗೇ ಒಂದು ನಂಬರ್ ಇದೆ. ವಿಳಾಸ ಅಂತಾರೆ. ಬಟನ್ ಆ ವಿಳಾಸ ಕೂಗುತ್ತೆ, ಅದು ತನ್ನದಾದ್ರೆ ಗಂಟೆ ಹೊಡೀತದೆ. ಗೋಡೆ ಅದಕ್ಕೆ ಲೆಕ್ಕವೇ ಅಲ್ಲ. ಕಾರ್ಖಾನೆಯಿಂದ ಬರೋವಾಗ ಈ ಗಂಟೆಗಳಿಗೆಲ್ಲ ಒಂದೇ ವಿಳಾಸ ಇಟ್ಟು ಕಳಿಸಿರ್ತಾರೆ. ಬದಲಾಯಿಸ್ಕೋಬೇಕಾದ್ದು ನಾವು. ನಾವು ಡಬ್ಬಿ ಒಡೆದು ನೇರ ಗೋಡೆಗೆ ಹೊಡೀತೀವಿ."

"ಎಲ್ಲಿದೆ ಆ ವಿಳಾಸ? ತೋರಿಸಿ ನೋಡೋಣ," ಎಂದರು ಗಡಿಯಾರದವರು, ಇನ್ನೂ ಸೋಲೊಪ್ಪದೆ.

"ಮುಚ್ಚಳ ತೆಗೀರಿ."

ಅವರಿಗಿಂತ ನಾಜೂಕಾಗಿ ಮುಚ್ಚಳ ತೆಗೆಯುವವರು ನಮ್ಮ ಬೀದಿಯಲ್ಲಿಲ್ಲ. ಸೆಲ್ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಸ್ವಿಚ್ಚುಗಳ ಒಂದು ಸಾಲು ಇತ್ತು. ಎಲ್ಲವೂ ಕೆಳಗೆ. ಹೊಲಿಗೆಯಕ್ಕನ ಬಟನ್ ಬಿಚ್ಚಿದರು, ಅದರಲ್ಲೂ ಎಲ್ಲವೂ ಕೆಳಗೆ. ಗಡಿಯಾರದವರು ಭೂತಗನ್ನಡಿ ತೆಗೆದು ಒರೆಸಿಕೊಂಡರು. "ಹಾಗಾದ್ರೆ ನಾನು ಇಷ್ಟು ದಿನ ಆ ಮಕ್ಕಳನ್ನ ಸುಮ್ ಸುಮ್ನೆ ಬೈದೆನಾ?"

"ನಾನು ಅತ್ತೇನ ಬೈದೆ," ಎಂದಳು ಹೊಲಿಗೆಯಕ್ಕ. "ನಿಮ್ಮ ಗಿರಾಕಿ ಬಂದಾಗೆಲ್ಲ ಮೆಟ್ಟಿಲು ಹತ್ತಿದೆ."

ಯಾವ ಸ್ವಿಚ್ಚು ಮೇಲೆ ಮಾಡುವುದೆಂದು ಅತ್ತೆಯನ್ನೇ ಕೇಳಿದರು. ಅವರು ಎರಡನೆಯದು, ಐದನೆಯದು ಎಂದರು. ಬಟನ್ನಿನಲ್ಲಿ ಹಾಗೆ ಮಾಡಿ, ಗಂಟೆಯಲ್ಲೂ ಹಾಗೇ ಮಾಡಿದರು. ಎರಡೂ ಒಂದೇ ಥರ ಇರದಿದ್ದರೆ ಗಂಟೆ ಹೊಡೆಯುವುದೇ ಇಲ್ಲವಂತೆ.

"ನಾನಂತೂ ಬಚಾವ್," ಎಂದರು ಗಡಿಯಾರದವರು. "ನನ್ನದು ಇದ್ದ ಹಾಗೇ ಇರಲಿ."

"ನಾಳೆ ಎದುರು ಮನೆಯವರು ಇದೇ ಗಂಟೆ ತಂದ್ರೆ?" ಎಂದರು ನರ್ಸ್. ಗಡಿಯಾರದವರು ಮತ್ತೆ ಭೂತಗನ್ನಡಿ ಸಿಕ್ಕಿಸಿಕೊಂಡು ತಮ್ಮದನ್ನೂ ಬೇರೆ ಥರ ಬದಲಾಯಿಸಿಕೊಂಡರು.

ಸಂಜೆ ಕಂಡಕ್ಟರು ಬಂದು ಎಲ್ಲ ಕೇಳಿದರು. ಅವರಿಗೆ ಹುರುಪು ಹೆಚ್ಚು. ಅಮ್ಮನ ಕೋಣೆಯ ದೀಪಕ್ಕೆಂದು ಅದೇ ಕಂಪನಿಯ ರಿಮೋಟ್ ಸ್ವಿಚ್ಚೊಂದು ತಂದಿಟ್ಟಿದ್ದರು. ಅದರ ಮುಚ್ಚಳ ತೆಗೆದು, ಅದಕ್ಕೂ ಎರಡನೆಯದು, ಐದನೆಯದು ಮೇಲೆ ಮಾಡಿ, ದೀಪಕ್ಕೆ ಜೋಡಿಸಿದರು. "ನಮ್ಮ ಮನೇದೆಲ್ಲ ಒಂದೇ ವಿಳಾಸ. ಪಕ್ಕದ ಮನೆಯವರ ಕಾಟವೇ ಬೇಡ!"

ಅತ್ತೆ ಸೊಸೆಯನ್ನು ಕರೆಯಲು ಬಟನ್ ಒತ್ತಿದರು. ಗಂಟೆ ಹೊಡೆಯಿತು, ದೀಪ ಆರಿತು.

"ಏನೋ ಇದು, ಸೊಸೇನ ಕರೆದ್ರೆ ಕತ್ತಲೆ ಬರ್ತದೆ!" ಎಂದರು ಅತ್ತೆ.

ಈಗ ಹೇಳಿಕೊಟ್ಟವಳು ಹೊಲಿಗೆಯಕ್ಕ. "ರೀ, ಒಂದೇ ವಾರ್ಡಾದ್ರೂ ಮಂಚಕ್ಕೊಂದು ನಂಬರ್ ಬೇಕು. ಗಂಟೆಗೊಂದು, ದೀಪಕ್ಕೊಂದು."

ಕಂಡಕ್ಟರು ತಲೆ ಕೆರೆದುಕೊಂಡರು. "ಇಡೀ ಬಸ್ಸಿಗೆ ಒಂದೇ ಸೀಟ್ ನಂಬರ್ ಕೊಟ್ಟ ಹಾಗಾಯ್ತಲ್ಲ! ಗಲಾಟೆ ಆಗದೆ ಇನ್ನೇನಾಗುತ್ತೆ?" ಎನ್ನುತ್ತಾ ದೀಪದ್ದು ಬೇರೆ ಮಾಡಿದರು. ಸೆಲ್ ಬದಲಾಯಿಸುವಾಗ ಸ್ವಿಚ್ಚು ಅಲುಗಿದರೂ ಗೊತ್ತಾಗಲಿ ಎಂದು ಹೊಲಿಗೆಯಕ್ಕ ಮುಚ್ಚಳದ ಒಳಗೆ ಪೆನ್ನಿನಿಂದ ಗುರುತು ಹಾಕಿಟ್ಟಳು.

ಮರುದಿನ ಗಡಿಯಾರದವರ ಬಾಗಿಲಿಗೆ ಗಿರಾಕಿಗಳು ಬಂದರು, ಹೋದರು. ಹೊಲಿಗೆಯಕ್ಕನ ಗಂಟೆ ತೆಪ್ಪಗಿತ್ತು. ಅವಳಿಗೆ ಎಷ್ಟು ಹಗುರವಾಯಿತೆಂದರೆ, ಹೊಲಿಯುತ್ತಾ ಹೊಲಿಯುತ್ತಾ ಹಾಡಿಕೊಂಡಳು.

ಮಧ್ಯಾಹ್ನ ಗಂಟೆ ಹೊಡೆಯಿತು. ಬಟ್ಟೆ ಬಿಟ್ಟು ಮೇಲೆ ಹೋದಳು.

"ಒತ್ತಿದ್ರಾ ಅತ್ತೆ?"

"ಹೂಂ, ನಾನೇ ಒತ್ತಿದ್ದು."

"ನೀರು ಬೇಕಾ? ಏಳಬೇಕಾ?"

"ಏನೂ ಬೇಡ. ಬರ್ತೀಯೋ ಇಲ್ವೋ ನೋಡೋಣ ಅಂತ ಒತ್ತಿದೆ."

ಹೊಲಿಗೆಯಕ್ಕ ಸಿಟ್ಟಾಗಲಿಲ್ಲ. ಬಟನ್ ತೆಗೆದು ದಿಂಬಿನ ಪಕ್ಕ, ಅತ್ತೆಯ ಕೈಗೆಟುಕುವ ಹಾಗೆ ಇಟ್ಟು, ಮಂಚದ ತುದಿಯಲ್ಲಿ ಸ್ವಲ್ಪ ಹೊತ್ತು ಕೂತಳು.

ಕೇಳಿದಿರಲ್ಲ? ನಿಮ್ಮ ಮನೆಯಲ್ಲೂ ವೈರಿಲ್ಲದ ಗಂಟೆ, ರಿಮೋಟ್ ಫ್ಯಾನು, ದೀಪ, ಗೇಟು ಇರಬಹುದು. ಕಾರ್ಖಾನೆಯಿಂದ ಬಂದ ವಿಳಾಸದಲ್ಲೇ ಬಿಡಬೇಡಿ. ಕೆಲವುಗಳಲ್ಲಿ ಸಣ್ಣ ಸ್ವಿಚ್ಚುಗಳಿರುತ್ತವೆ, ಕೆಲವುಗಳಲ್ಲಿ ಬಟನ್ ಒತ್ತಿ ಹಿಡಿದು ಹೊಸ ವಿಳಾಸ ಕಲಿಸಬೇಕಾಗುತ್ತದೆ. ಹೇಗೆಂದು ಡಬ್ಬಿಯ ಜೊತೆ ಬಂದ ಕಾಗದದಲ್ಲಿದೆ, ತಿಳಿಯದಿದ್ದರೆ ಅಂಗಡಿಯವರನ್ನು ಕೇಳಿ, ನಾಚಿಕೆಪಡಬೇಡಿ. ವಿಳಾಸ ಪಕ್ಕದ ಮನೆಯದಕ್ಕಿಂತ ಬೇರೆ ಇರಲಿ, ನಿಮ್ಮದೇ ಮನೆಯಲ್ಲೂ ಒಂದರದ್ದು ಇನ್ನೊಂದಕ್ಕೆ ಬೇಡ. ನಿಮ್ಮನ್ನೇ ನಂಬಿ ಮಲಗಿರುವವರು ಕರೆದರೆ ಆ ಕರೆ ನಿಮಗೇ ಮುಟ್ಟಬೇಕು.

ಈಗಲೇ ಎದ್ದು ಒಮ್ಮೆ ನಿಮ್ಮ ಕರೆಗಂಟೆ ಒತ್ತಿ ನೋಡಿ. ಪಕ್ಕದ ಮನೆಯವರು ಬಾಗಿಲು ತೆಗೆದು ಬೈದರೆ, ಬೇಸರ ಮಾಡಿಕೊಳ್ಳದೆ ಅವರನ್ನು ಒಳಗೆ ಕರೆಯಿರಿ. ಇಬ್ಬರೂ ಕೂತು ಮುಚ್ಚಳ ತೆಗೆಯಿರಿ.