ಮೂವತ್ತೊಂದನೆಯ ಸಂಚಿಕೆಯ ಸೇತುವೆ

ಬೆರಳು ಮತ್ತೆ ಹೊರಟಿತು, ಬಾಗಿಲ ಸಂದಿಯಲ್ಲಿ ಅಷ್ಟೇ ಕಾಣುತ್ತದೆ, ಭಾವನ ತೋರುಬೆರಳು, ಉಗುರು ಬೆಳೆದಿದೆ, ನಿಮ್ಮಣ್ಣನ ಉಗುರು ಕತ್ತರಿಸು ಅಂತ ಹೆಂಡತಿಗೆ ಹೇಳಬೇಕು, ಆಟದ ನಕ್ಷೆಯ ಗುಡ್ಡದಿಂದ ಇಳಿದು ನೀಲಿ ನದಿಯ ಗುಂಟ ಮನೆ ಮನೆ ಎಣಿಸುತ್ತ ಹೋಗುತ್ತಿದೆ, ಜೇನುಗೂಡಿನ ಹಾಗೆ ಆರು ಮೂಲೆಯ ಮನೆಗಳು, ಒಂದು, ಎರಡು, ಮೂರು — ನಾನು ಬರೆಯಬೇಕು, ಹನ್ನೊಂದಕ್ಕೆ ಪ್ರೆಸ್ಸಿನವನ ಫೋನ್ ಬರುತ್ತದೆ, ಕೊನೆಯ ಸಂಚಿಕೆ, ಕೊನೆಯ ಪುಟ, ‘ನಮ್ಮ ಪತ್ರಿಕೆ ನಡೆದು ಬಂದ ದಾರಿ’, ಶೀರ್ಷಿಕೆ ಬರೆದು ಮೂರು ದಿನವಾಯಿತು, ದಾರಿ ಮಾತ್ರ ನಡೆಯುತ್ತಿಲ್ಲ. ದಾಳ-ದಂಡು, ಯುದ್ಧದಾಟಗಳ ತ್ರೈಮಾಸಿಕ, ಮೊದಲ ಸಂಚಿಕೆ ನಲವತ್ತು ಪ್ರತಿ, ಭಾವನ ಮಹಡಿ ಕೋಣೆಯಲ್ಲಿ ಸೈಕ್ಲೋಸ್ಟೈಲ್ ಮಾಡಿದ್ದು, ಆಗ ಅವರಿನ್ನೂ ಭಾವ ಅಲ್ಲ, ಬರೀ ಗೆಳೆಯ, ಮೊಣಕೈವರೆಗೂ ಮಸಿ, ಅವರ ತಂಗಿ, ಇವಳೇ, ಬಾಗಿಲಲ್ಲಿ ನಿಂತು ಒಂದು ಜಿರಲೆ ಹೊಡೆಯೋಕಾಗಲ್ಲ, ಸಾಮ್ರಾಜ್ಯ ಗೆಲ್ತಾರಂತೆ ಅಂತ ನಕ್ಕಿದ್ದು, ಇದನ್ನು ಇತಿಹಾಸದಲ್ಲಿ ಹಾಕಬಹುದು, ಇದರಿಂದ ಯಾರಿಗೂ ನೋವಿಲ್ಲ. ಹತ್ತನೆಯ ಸಂಚಿಕೆಯಿಂದ ಪ್ರತಿ ಸಂಚಿಕೆಯೊಳಗೂ ಒಂದು ಆಟ, ಮಡಚಿದ ನಕ್ಷೆ, ಬ್ಲೇಡಿನಲ್ಲಿ ಕತ್ತರಿಸಿಕೊಳ್ಳಬೇಕಾದ ನೂರು ರಟ್ಟಿನ ಕಾಯಿ, ಓದುಗರೆಲ್ಲ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡವರೇ, ಆ ಹಲ್ಲಿನ ಡಾಕ್ಟರ್, ಆಟ ಬಂದ ವಾರಕ್ಕೇ ಹದಿನಾಲ್ಕು ಪುಟದ ಕಾಗದ ಬರೆಯುತ್ತಿದ್ದವನು, ರೋಗಿಗಳು ಬಾಯಿ ತೆರೆದು ಕಾಯುತ್ತಿರುವಾಗಲೇ ಬರೆಯುತ್ತಾನೆ ಅಂತ ಭಾವ ತಮಾಷೆ ಮಾಡುತ್ತಿದ್ದರು — ಬೆರಳು ತಿರುವಿಗೆ ಬಂತು, ಅಲ್ಲಿ ನದಿ ಬಾಗುತ್ತದೆ, ನೋಡಬಾರದು, ಬರೆ. ಮೂವತ್ತನೆಯ ಸಂಚಿಕೆಗೆ ನಾನು ಸಂಪಾದಕನಾದೆ, ನಿಮ್ಮ ಕೈಗೆ ಕೊಟ್ಟು ನಿಶ್ಚಿಂತೆಯಾಗಿ ಆಟ ಮಾಡ್ತೀನಿ ಅಂದರು ಭಾವ, ಮೂವತ್ತೊಂದನೆಯದು — ಇಲ್ಲಿ ಪೆನ್ನು ನಿಲ್ಲುತ್ತದೆ, ಮೂರು ದಿನದಿಂದ ಇಲ್ಲೇ ನಿಲ್ಲುತ್ತದೆ.

ಮೂವತ್ತೊಂದು, ಕೋಟೆಯ ಮುತ್ತಿಗೆ, ಭಾವ ಮೂರು ವರ್ಷ ಕೂತು ಮಾಡಿದ ಆಟ, ಕೋಟೆಯೊಳಗೆ ಹಸಿದ ಸೈನಿಕರು, ನದಿಯ ಆಚೆ ಬಿಡಿಸಲು ಬಂದ ದಂಡು, ನಡುವೆ ಒಂದೇ ಒಂದು ಸೇತುವೆ, ಎರಡು ಪುಟ್ಟ ಗೀಟು, ಅಡ್ಡಕ್ಕೆ ನಾಲ್ಕು ಹಲಗೆ, ಅಷ್ಟೇ, ಅದರ ಮೇಲೆ ಇಡೀ ಆಟ ನಿಂತಿತ್ತು, ಮತ್ತು ನಾನು, ದಾಳದ ಫಲಿತಾಂಶದ ಪಟ್ಟಿಗೆ ಎಲ್ಲೂ ಜಾಗ ಸಿಗದೆ, ಅವರು ಕೈಯಾರೆ ಬರೆದ ಮೂಲ ನಕ್ಷೆಯ ಮೇಲೇ ಅಂಟು ಹಚ್ಚಿ ಒತ್ತಿಬಿಟ್ಟೆ, ನದಿಯ ಮೇಲೆ, ಬರೀ ನೀರು ತಾನೇ ಅಂದುಕೊಂಡು, ಕೆಳಗೆ ಏನಿದೆ ನೋಡಲಿಲ್ಲ, ಭಾವ ಊರಲ್ಲಿರಲಿಲ್ಲ, ಕರಡು ತೋರಿಸಲಿಲ್ಲ, ಅವಸರ. ಹಲ್ಲಿನ ಡಾಕ್ಟರ್ ಈ ಸಲ ಒಂದೇ ಪುಟ ಬರೆದಿದ್ದ, ಇಪ್ಪತ್ತು ಸಲ ಆಡಿದೆ, ಇಪ್ಪತ್ತು ಸಲವೂ ಕೋಟೆ ಬಿತ್ತು, ದಂಡು ದಡದಲ್ಲಿ ನಿಂತು ನೋಡುತ್ತದೆ, ಸೇತುವೆಯಿಂದ ಮಾತ್ರ ನದಿ ದಾಟಬೇಕು ಅಂತ ನಿಯಮ ಬರೆದ ಪುಣ್ಯಾತ್ಮರು ಸೇತುವೆಯನ್ನೇ ಬರೆದಿಲ್ಲವಲ್ಲ. ಓದಿದ ಕ್ಷಣವೇ ನನಗೆ ಗೊತ್ತಾಯಿತು, ಆದರೂ ಮುಂದಿನ ಸಂಚಿಕೆಯ ತಿದ್ದುಪಡಿಯಲ್ಲಿ ಏನು ಹಾಕಿದೆ, ‘ಸೇತುವೆ ಗುರುತಿಸಲು ಆಟದ ಕರ್ತೃ ಮರೆತಿದ್ದಾರೆ, ಪಟ್ಟಿಯ ಪಕ್ಕದ ಮನೆಯಲ್ಲಿ ಬರೆದುಕೊಳ್ಳಿ, ವಿಷಾದಿಸುತ್ತೇವೆ’, ವಿಷಾದಿಸುತ್ತೇವಂತೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸಂಪಾದಕನ ತಪ್ಪಾದರೆ ಪತ್ರಿಕೆಯ ಮಾನ ಹೋಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ, ಸುಳ್ಳು, ಆ ತಿಂಗಳು ನಮ್ಮ ಮದುವೆಯ ಮಾತು ನಡೆಯುತ್ತಿತ್ತು, ಅವರ ಕಣ್ಣಲ್ಲಿ ಸಣ್ಣವನಾಗಲು ಹೆದರಿದೆ. ಭಾವ ಬಂದು ಕೇಳಿದರು, ಜಗಳಕ್ಕಲ್ಲ, ಸುಮ್ಮನೆ, ನಾನು ಬರೆದಿದ್ದ ಹಾಗೆ ನೆನಪು, ಪಟ್ಟಿ ಕೆಳಗೇನಿತ್ತು ನೋಡಿದ್ರಾ, ಬರೀ ನೀರು ಅಂದೆ, ಮೂಲ ಎಲ್ಲಿದೆ, ಪ್ರೆಸ್ಸಲ್ಲಿ ಕಳೆದುಹೋಯ್ತು ಅಂದೆ, ಹಾಗಾದ್ರೆ ನಾನೇ ಮರೆತಿರ್ಬೇಕು ಬಿಡಿ ಅಂದರು — ಇನ್ನೊಂದು ಆಟ ಅವರು ಮಾಡಲಿಲ್ಲ. ಇಪ್ಪತ್ತಾರು ವರ್ಷ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ಯಾರಾದರೂ ಸೇತುವೆ ಅಂದರೆ ಸಾಕು, ನನ್ನ ಕೈ ಬೀರುವಿನ ಕೀಲಿ ಹುಡುಕುತ್ತದೆ. ಈಗ ಭಾವನಿಗೆ ನಿಜವಾಗಿಯೂ ಮರೆವು, ಹೋದ ವರ್ಷ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು ಯಾವಾಗಿಂದ ಹೀಗೆ, ಇವಳು ಹೇಳಿದಳು ಮೊದಲಿಂದ್ಲೂ ಸ್ವಲ್ಪ ಇತ್ತು ಡಾಕ್ಟ್ರೇ, ನಮ್ಮ ಮದುವೆಗೆ ಮುಂಚೇನೇ ಒಂದು ಆಟದಲ್ಲಿ ಸೇತುವೇನೇ ಮರೆತುಬಿಟ್ಟಿದ್ದ, ಡಾಕ್ಟರು ಅದನ್ನು ಬರೆದುಕೊಂಡರು, ಪಕ್ಕದ ಕುರ್ಚಿಯಲ್ಲಿ ನಾನು ಕೂತಿದ್ದೆ, ಅವರ ಪೆನ್ನಿನ ಕ್ಯಾಪು ನೋಡುತ್ತ.

ಫೋನು, ಹಲೋ, ಇತಿಹಾಸ ಮುಗೀತಾ ಸಾರ್, ಮಷೀನು ಖಾಲಿ ನಿಂತಿದೆ, ಹತ್ತು ನಿಮಿಷ ಕೊಡಪ್ಪ, ಇಟ್ಟೆ, ನಿಜ ಬರೆದರೆ ಇವಳು ಓದುತ್ತಾಳೆ, ಹಲ್ಲಿನ ಡಾಕ್ಟರ್ ಓದುತ್ತಾನೆ, ಓದಲಿ, ಆದರೆ ಮೊದಲು ಭಾವನಿಗೆ, ಅಚ್ಚಿಗೆ ಮುಂಚೆ ಅವರಿಗೆ ಹೇಳಬೇಕು, ಬೀರು ತೆರೆದೆ, ಹಳೆಯ ರಟ್ಟು, ಮೂಲ ನಕ್ಷೆ, ಪಟ್ಟಿ ಹಳದಿಯಾಗಿ ಗಟ್ಟಿಯಾಗಿ ಕೂತಿದೆ, ಬ್ಲೇಡು ತುದಿಗೆ ಹಾಕಿ ಮೆಲ್ಲಗೆ ಎತ್ತುತ್ತೇನೆ, ಬರುತ್ತಿದೆ, ಬರುತ್ತಿದೆ, ಅಯ್ಯೋ, ಅಂಟಿನ ಜೊತೆ ಕೆಳಗಿನ ಕಾಗದವೂ ಎದ್ದು ಬಂತು, ಪುಡಿಪುಡಿ, ಮಸಿ ಹತ್ತಿದ ಚೂರುಗಳು ಬೆರಳಿಗೆ ಅಂಟಿವೆ, ಯಾವುದು ಗೀಟು ಯಾವುದು ಹಲಗೆ, ನದಿಯ ನಡುವೆ ಬೆಳ್ಳಗೆ ಒಂದು ಗಾಯ, ಅಷ್ಟೇ, ಸಾಕ್ಷಿಯನ್ನೂ ನನ್ನ ಕೈಯಾರೆ ಹರಿದೆ. ಹೋದೆ ಹಾಗೇ, ಬರಿಗೈಯಲ್ಲಿ, ಅವರ ಮಂಚದ ಪಕ್ಕ ಕೂತೆ, ಬೆರಳು ಅವರ ಅಚ್ಚಾದ ನಕ್ಷೆಯಲ್ಲಿ ಪಟ್ಟಿಯ ಅಂಚಿಗೆ ಬಂದು ನಿಂತಿತ್ತು, ಇಲ್ಲೇ ಎಲ್ಲೋ ಇತ್ತು ಅನ್ಸುತ್ತೆ ಸಂಪಾದಕರೇ ಅಂದರು, ದಿನಾ ಅನ್ನುವ ಹಾಗೆಯೇ, ದಿನಾ ನಾನು ಹೂಂ ಅನ್ನುತ್ತೇನೆ, ಇವತ್ತು ಹೇಳಿದೆ, ಇತ್ತು ಭಾವ, ನೀವು ಬರೆದಿದ್ರಿ, ಪಟ್ಟಿ ಅಂಟಿಸಿ ಮುಚ್ಚಿದ್ದು ನಾನು, ನೀವು ಮರೆತಿರಲಿಲ್ಲ, ಯಾವತ್ತೂ ಮರೆತಿರಲಿಲ್ಲ. ಅವರು ನನ್ನ ಮೊಣಕಾಲು ತಟ್ಟಿದರು, ಮಗುವನ್ನು ಸಮಾಧಾನ ಮಾಡುವ ಹಾಗೆ, ನೀವು ಯಾವಾಗ್ಲೂ ಹೀಗೇ, ನನ್ನ ತಪ್ಪನ್ನ ನಿಮ್ಮ ಮೈಮೇಲೆ ಹಾಕ್ಕೋತೀರಿ, ಬೇಡ, ತಿದ್ದುಪಡೀಲಿ ಬಂದಿದೆಯಲ್ಲ, ಅಚ್ಚಾಗಿದ್ದು ಸುಳ್ಳಾಗುತ್ತಾ, ಮರೆತಿದ್ದು ನಾನೇ — ಇಲ್ಲ ಭಾವ, ಕೇಳಿ, ಇಲ್ಲಿ ಕೇಳಿ — ಫೋನು ಬಡಿದುಕೊಳ್ಳುತ್ತಿದೆ, ಇವಳು ಆಚೆಯಿಂದ ಕೂಗುತ್ತಿದ್ದಾಳೆ, ಅವರು ಕೇಳುತ್ತಿಲ್ಲ, ಬೆರಳನ್ನು ಎತ್ತಿದರು, ಗುಡ್ಡದ ಮೇಲಿಟ್ಟರು, ಇಳಿಯುತ್ತಿದೆ, ನದಿಯ ಗುಂಟ, ಒಂದು, ಎರಡು, ಮೂರು, ತಿರುವು, ಪಟ್ಟಿಯ ಅಂಚು, ಬೆರಳು, ಪಟ್ಟಿಯ ಅಂಚಿನಲ್ಲಿ ಬೆರಳು