ಹೆಬ್ಬೆರಳಿನ ಕುಳಿ

ಕಲ್ಲಪ್ಪ ಕಿರಿ ಹೆಂಡತಿ ರಾಮವ್ವನ ಕಣಕಾಲಿಗೆ ಹೆಬ್ಬೆರಳು ಒತ್ತಿ ಹಿಡಿದು ಕೂತಿದ್ದ. ಬೆರಳೆತ್ತಿದರೆ ಅಲ್ಲೊಂದು ಕುಳಿ. ಅದು ಎಷ್ಟು ಹೊತ್ತಿಗೆ ತುಂಬುತ್ತದೆಂದು ದಿನಾ ನೋಡಬೇಕೆಂದು ಘಟಪ್ರಭಾದ ಡಾಕ್ಟರು ಹೇಳಿದ್ದರು. ಬೆಳಗಾದರೆ ಅವಳ ಮುಖ ಬಾತು ಕಣ್ಣು ಮುಚ್ಚಿಹೋಗುತ್ತಿತ್ತು.

ರೊಟ್ಟಿ ಬಡಿಯುತ್ತಿದ್ದ ಹಿರಿ ಹೆಂಡತಿ ಯಲ್ಲಕ್ಕನಿಗೆ ಹೊಟ್ಟೆಯಲ್ಲಿ ಬೆಂಕಿ. ಹನ್ನೆರಡು ವರ್ಷದ ಸಂಸಾರದಲ್ಲಿ ಈ ಗಂಡಸು ತನ್ನ ಕಾಲು ಮುಟ್ಟಿದ್ದು ಒಮ್ಮೆ, ಮುಳ್ಳು ತೆಗೆಯುವಾಗ. ಸವತಿಗೋ ದಿನಾ ಸೇವೆ, ಬೇರೆ ಗಡಿಗೆಯಲ್ಲಿ ಉಪ್ಪಿಲ್ಲದ ಸಾರು. ತುಪ್ಪ ತಿಂದು ಉಬ್ಬಿದ ಮೈಗೆ ಬ್ಯಾನಿ ಅಂತ ಹೆಸರು!

"ಇವತ್ತ ಕುರಿ ಉಣ್ಣೆ ಕತ್ತರಸಾಕ ಮಂದಿ ಬರ್ತಾರ, ನಾ ಬರಾಂಗಿಲ್ಲ," ಎಂದ ಕಲ್ಲಪ್ಪ. "ಇಕಿ ಮುಂಜಾನಿ ಉಚ್ಚಿ ಬಾಟ್ಲ್ಯಾಗ ಐತಿ, ಡಾಕ್ಟರಿಗೆ ಮುಟ್ಟಿಸಿ ಬಾ. ಕಾಸಿ ನೋಡ್ತಾರಂತ."

"ಅಕ್ಕಾ, ನಿನಗ ಭಾಳ ತ್ರಾಸ ಕೊಡಾಕತ್ತೇನಿ," ಎಂದಳು ರಾಮವ್ವ.

ಆ ಮೆತ್ತನೆಯ ಮಾತಿಗೇ ಯಲ್ಲಕ್ಕನ ಮೈ ಉರಿಯಿತು. ಘಟಪ್ರಭಾದ ಬಸ್ಸಿಗೆ ಹೋಗುವ ದಾರಿಯಲ್ಲಿ ಕಳ್ಳಿಬೇಲಿಯ ಮರೆಗೆ ಸರಿದು ಬಾಟಲಿ ಬಗ್ಗಿಸಿದಳು. ನೊರೆನೊರೆಯಾಗಿ ಸುರಿದುಹೋಯಿತು. ಹಳ್ಳದಲ್ಲಿ ತೊಳೆದು, ತನ್ನದನ್ನೇ ತುಂಬಿ ಬೂಚು ಬಿಗಿದಳು. ಇವಳ ಸೋಗು ಇವತ್ತಿಗೆ ಬಯಲಾಗಲಿ.

ಡಾಕ್ಟರು ಗಾಜಿನ ಕೊಳವೆಯಲ್ಲಿ ಹಾಕಿ ದೀಪದ ಮೇಲೆ ಕಾಸಿದರು. ಅದು ತಿಳಿಯಾಗಿಯೇ ಇತ್ತು.

"ಮೂತ್ರಪಿಂಡ ಕೆಟ್ಟಿದ್ರ ಒಡದ ಹಾಲಿನಂಗ ಬೆಳ್ಳಗಾಗಬೇಕಿತ್ತಲ್ಲ," ಎಂದು ಹುಬ್ಬು ಗಂಟಿಕ್ಕಿದರು. "ಎಂಟು ದಿನ ಬಿಟ್ಟು ಮತ್ತ ತಗೊಂಡ ಬಾರವ್ವಾ. ಅಲ್ಲೀತನಾ ಪಥ್ಯ ನಡೀಲಿ."

ಯಲ್ಲಕ್ಕ ಮನೆಗೆ ಬಂದು ಹೇಳಿದ್ದೇ ಬೇರೆ. "ಏನೂ ಇಲ್ಲಂತ. ಉಪ್ಪು ಉಣ್ಲಿ ಅಂದ್ರು."

ಕಲ್ಲಪ್ಪ ನಿರಾಳನಾಗಿ ಕುರಿಗಳ ಹಿಂದೆ ಹೋದ. ಕಾಲು ಒತ್ತುವುದು ನಿಂತಿತು. ಯಲ್ಲಕ್ಕನಿಗೆ ಎಷ್ಟೋ ದಿನದ ಮೇಲೆ ಕಣ್ತುಂಬ ನಿದ್ದೆ. ಅವಳು ಬಡಿಸಿದ ಖಾರ ಚಟ್ನಿ, ಉಪ್ಪಿನಕಾಯಿಯನ್ನು ರಾಮವ್ವ ಆಸೆಯಿಂದ ಉಂಡಳು.

ಐದನೆಯ ದಿನ ರಾಮವ್ವನ ಬಳೆಗಳು ಮುಂಗೈಗೆ ಕಚ್ಚಿಕೊಂಡಿದ್ದವು. ಮಲಗಿದರೆ ಉಸಿರು ಸಿಗದು. ಉಚ್ಚೆ ಒಂದು ಹಿಡಿಯಷ್ಟು, ಕಪ್ಪು ಚಹದ ಬಣ್ಣ. ಗಂಡ ಊರಲ್ಲಿರಲಿಲ್ಲ. ಯಲ್ಲಕ್ಕ ಬಾಟಲಿಯನ್ನು ಸೆರಗಿನಲ್ಲಿ ಅವಚಿಕೊಂಡು ಬಸ್ಸು ಹತ್ತಿದಳು.

ಈ ಸಲ ಕೊಳವೆಯಲ್ಲಿ ಮೊಸರೇ ಕಟ್ಟಿತು.

"ಮೊನ್ನಿ ತಿಳಿ ಇತ್ತಲ್ಲ?"

"ಮೊನ್ನಿದು ನಂದ್ರಿ."

ಡಾಕ್ಟರು ಅವಳನ್ನು ದಿಟ್ಟಿಸಿ ನೋಡಿದರು. "ಗಾಡಿ ಹೂಡಿಸು. ಈಗಿಂದೀಗ ಕರಕೊಂಡ ಬಾ."

ಗಾಡಿಯಲ್ಲಿ ರಾಮವ್ವನ ಕಾಲು ಯಲ್ಲಕ್ಕನ ತೊಡೆಯ ಮೇಲಿತ್ತು. "ಅವರು ಬಂದ್ರೇನ ಅಕ್ಕಾ?" ಎಂದು ರಾಮವ್ವ ಏದುಸಿರಿನಲ್ಲಿ ಕೇಳಿದಳು. ಆಗಲೂ ಯಲ್ಲಕ್ಕನ ಎದೆ ಚುರ್ರೆಂದಿತು. "ಬರ್ತಾರ" ಎಂದು ಆ ಕಾಲಿಗೆ ಹೆಬ್ಬೆರಳು ಒತ್ತಿ ಎತ್ತಿದಳು.

ಗಾಡಿ ಹಳ್ಳ ದಾಟಿ ದಿಬ್ಬ ಏರಿದರೂ ಕುಳಿ ತುಂಬಿರಲಿಲ್ಲ.